ಹುಡುಕಿದರೆ ಸಿಗಬೇಕು: ಗಡಿನಾಡಿನ ಒಂದು ಗ್ರಂಥಾಲಯ ಕೋಹಾಕ್ಕೆ ಬಂದ ಪ್ರಕರಣ

ಈ ಗ್ರಂಥಾಲಯ ಇರುವುದು ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವ ದಾರಿಯ ಒಂದು ಸಣ್ಣ ಪೇಟೆಯಲ್ಲಿ. ಹೆಸರು ಹೇಳುವುದು ಬೇಡವೆಂದು ಸಮಿತಿಯವರು ಕೇಳಿಕೊಂಡಿದ್ದಾರೆ. ಕೆಳಗೆ ಅಂಗಡಿ, ಮೇಲೆ ಎರಡು ಕೋಣೆ. ಒಂದರಲ್ಲಿ ಪತ್ರಿಕೆಗಳ ಮೇಜು, ಇನ್ನೊಂದರಲ್ಲಿ ಕಪಾಟುಗಳು. ಕೆಲವು ಸಾವಿರ ಪುಸ್ತಕಗಳಲ್ಲಿ ಹೆಚ್ಚಿನವು ಕನ್ನಡದವು, ಒಂದು ಪಾಲು ಮಲಯಾಳದವು, ಸ್ವಲ್ಪ ಇಂಗ್ಲಿಷ್, ಒಂದು ಸಾಲು ತುಳು. ನೋಡಿಕೊಳ್ಳುವವರು ಒಬ್ಬರೇ. ಕನ್ನಡ ಮಾಧ್ಯಮದಲ್ಲಿ ಓದಿ, ಗ್ರಂಥಾಲಯ ವಿಜ್ಞಾನದ ಸರ್ಟಿಫಿಕೇಟ್ ಕೋರ್ಸ್ ಮುಗಿಸಿದ ಮಹಿಳೆ. ಊರಿನ ಎಲ್ಲರಿಗೂ ಅಕ್ಕ. ಸಿಗುವುದು ಗೌರವಧನ. ಸಂಬಳ ಎಂದು ಕರೆಯುವಷ್ಟು ಅದು ದೊಡ್ಡದಲ್ಲ.

ಕಾಲೇಜು ಗ್ರಂಥಾಲಯದಲ್ಲಿ ಕೆಲಸ ಮಾಡಿದ ನನ್ನನ್ನು ಅವರು ಆಗಾಗ ಕರೆಸುತ್ತಿದ್ದರು. ಕಂಪ್ಯೂಟರ್ ತರಬೇತಿಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ತರಬೇತಿಯ ಬಗ್ಗೆ ಬರೆಯುತ್ತಾರೆ, ಕಲಿತವರು ಆಮೇಲೆ ಏನು ಮಾಡಿದರು ಎಂಬುದನ್ನು ಬಿಟ್ಟುಬಿಡುತ್ತಾರೆ. ಇಲ್ಲಿ ನಾನು ಹೇಳಹೊರಟಿರುವುದು ಆ ಎರಡನೆಯದನ್ನು, ಕೋಹಾ ಎಂಬ ಗ್ರಂಥಾಲಯ ನಿರ್ವಹಣೆಯ ತಂತ್ರಾಂಶವನ್ನು ಕಲಿತ ಅಕ್ಕ ಆಮೇಲೆ ಏನು ಮಾಡಿದರು ಎಂಬುದನ್ನು.

ಹಿನ್ನೆಲೆಯನ್ನು ಒಂದಿಷ್ಟು ಹೇಳಲೇಬೇಕು. ಕೇರಳದ ಗ್ರಂಥಾಲಯ ಚಳವಳಿ ಸಂಘಟಿತ ರೂಪ ಪಡೆದದ್ದು 1945ರಲ್ಲಿ, ಪಿ.ಎನ್. ಪಣಿಕ್ಕರ್ ಅವರ ಮುಂದಾಳುತನದಲ್ಲಿ, ತಿರುವಿದಾಂಕೂರಿನ ನೆಲದಲ್ಲಿ. ಆಗ ಕಾಸರಗೋಡು ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಭಾಗ. 1956ರ ನವೆಂಬರ್ 1ರಂದು ಅದು ಕೇರಳಕ್ಕೆ ಸೇರಿತು, 1984ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. 1989ರ ಕೇರಳ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಅಡಿಯಲ್ಲಿ ಬಂದ ಗ್ರಂಥಾಲಯ ಕೌನ್ಸಿಲ್ ಹಳ್ಳಿಯ ಗ್ರಂಥಾಲಯಗಳಿಗೆ ಮಾನ್ಯತೆ, ದರ್ಜೆ, ಅನುದಾನ ಕೊಡುತ್ತದೆ. ಹಾಗಾಗಿ ಇಲ್ಲಿ ಕಪಾಟಿನ ಪುಸ್ತಕ ಕನ್ನಡದ್ದು, ಕಚೇರಿಯಿಂದ ಬರುವ ಕಾಗದ ಮಲಯಾಳದ್ದು, ಕಂಪ್ಯೂಟರಿನ ಪರದೆ ಇಂಗ್ಲಿಷಿನದ್ದು. ಮೂರನ್ನೂ ದಿನವೂ ದಾಟುವವರು ಈ ಅಕ್ಕ.

ಗ್ರಂಥಾಲಯವನ್ನು ಗಣಕೀಕರಿಸಬೇಕೆಂದು ಸಮಿತಿ ನಿರ್ಧರಿಸಿದಾಗ ಸಭೆಯಲ್ಲಿ ದೊಡ್ಡ ದೊಡ್ಡ ಮಾತುಗಳು ಬಂದವು. ನಿಜವಾದ ಕಾರಣ ಎರಡು. ದರ್ಜೆ ಪರಿಶೀಲನೆಗೆ ಬಂದವರು ಕಂಪ್ಯೂಟರ್ ಎಲ್ಲಿ ಎಂದು ಕೇಳುತ್ತಾರೆ. ಸ್ಟಾಕ್ ರಿಜಿಸ್ಟರಿನ ಮೊದಲ ಸಂಪುಟದ ಹಾಳೆಗಳು ಮುಟ್ಟಿದರೆ ಪುಡಿಯಾಗುತ್ತಿವೆ. ಪುಸ್ತಕ ಹುಡುಕಿ ಕೊಡುವ ಕೆಲಸವಂತೂ ಅಕ್ಕನ ನೆನಪಿನ ಬಲದಿಂದ ಸಲೀಸಾಗಿಯೇ ನಡೆಯುತ್ತಿತ್ತು. ಅವರು ರಜೆ ಹಾಕಿದ ದಿನ ಮಾತ್ರ ಯಾರಿಗೂ ಏನೂ ಸಿಗುತ್ತಿರಲಿಲ್ಲ.

ತರಬೇತಿಯಲ್ಲಿ ಕಲಿಸಿದ್ದು

ಆರಿಸಿಕೊಂಡ ತಂತ್ರಾಂಶ ಕೋಹಾ. ನ್ಯೂಜಿಲೆಂಡಿನ ಹೊರೊವೆನುವಾ ಎಂಬಲ್ಲಿನ ಗ್ರಂಥಾಲಯಗಳು ತಮ್ಮ ಹಳೆಯ ವ್ಯವಸ್ಥೆ 2000ನೇ ಇಸವಿಯನ್ನು ದಾಟಲಾರದೆಂದು ತಿಳಿದಾಗ ಕಟಿಪೊ ಎಂಬ ಕಂಪನಿಯಿಂದ ಬರೆಸಿಕೊಂಡ ತಂತ್ರಾಂಶ ಅದು. 2000ದ ಜನವರಿಯಲ್ಲಿ ಬಳಕೆಗೆ ಬಂತು. ಮುಕ್ತ ತಂತ್ರಾಂಶವಾದ್ದರಿಂದ ಪರವಾನಗಿಗೆ ದುಡ್ಡು ಕೊಡಬೇಕಿಲ್ಲ. ದುಡ್ಡು ಬೇಕಿಲ್ಲ ಎಂದ ಕೂಡಲೇ ಸಮಿತಿ ಒಪ್ಪಿತು. ಆಮೇಲೆ ಬೇಕಾಗುವುದು ಯಾರ ಸಮಯ ಎಂದು ಯಾರೂ ಕೇಳಲಿಲ್ಲ.

ಜಿಲ್ಲೆಯ ಬೇರೊಂದು ಕಡೆ ನಡೆದ ಕಾರ್ಯಾಗಾರಕ್ಕೆ ಅಕ್ಕನನ್ನು ಕಳುಹಿಸಿದರು. ವಿವರಣೆ ಮಲಯಾಳದಲ್ಲಿ, ಪರದೆ ಇಂಗ್ಲಿಷಿನಲ್ಲಿ. ಮಾತು ಅರ್ಥವಾಗುತ್ತಿತ್ತು, ಹಂಚಿದ ಕೈಪಿಡಿ ಓದಲು ಬರುತ್ತಿರಲಿಲ್ಲ. ಹೇಳಿಕೊಟ್ಟ ಕ್ರಮ ಪರದೆಯ ಮೇಲಿನ ಪಟ್ಟಿಯ ಕ್ರಮ: ಆಡಳಿತ, ಸದಸ್ಯರು, ಖರೀದಿ, ಸೂಚೀಕರಣ (ಪುಸ್ತಕದ ವಿವರ ದಾಖಲಿಸುವುದು), ನಿಯತಕಾಲಿಕೆಗಳು, ವರದಿಗಳು. ಖರೀದಿ ವಿಭಾಗಕ್ಕೇ ಒಂದು ಮಧ್ಯಾಹ್ನ ಹೋಯಿತು. ಪುಸ್ತಕೋತ್ಸವಕ್ಕೆ ಹೋಗಿ ಅನುದಾನದ ಹಣದಲ್ಲಿ ಒಂದೇ ಸಲ ಪುಸ್ತಕ ತರುವ ಗ್ರಂಥಾಲಯಕ್ಕೆ ಮಾರಾಟಗಾರರ ದರಪಟ್ಟಿ, ಬಜೆಟಿನ ಶೀರ್ಷಿಕೆ, ವಿದೇಶಿ ವಿನಿಮಯ ದರ ಇವೆಲ್ಲ ಯಾಕೆ? ಕಲಿಸಿದವರು ಒಳ್ಳೆಯವರೇ, ವಿಷಯ ತಿಳಿದವರೇ. ಆದರೆ ಅವರು ಕಲಿಸಿದ್ದು ತಂತ್ರಾಂಶವನ್ನು. ಎದುರಿಗಿದ್ದವರ ಗ್ರಂಥಾಲಯದ ಬಗ್ಗೆ ಅವರಿಗೆ ಕೇಳಲು ಏನೂ ಇರಲಿಲ್ಲ.

ಸೂಚೀಕರಣದ ಅಭ್ಯಾಸಕ್ಕೆ ಕೊಟ್ಟದ್ದು ಇಂಗ್ಲಿಷ್ ಪಠ್ಯಪುಸ್ತಕ. ಐಎಸ್‌ಬಿಎನ್ ಎಂಬ ಪುಸ್ತಕದ ಗುರುತು ಸಂಖ್ಯೆ ಹಾಕಿದೊಡನೆ ಅಮೆರಿಕದ ಕಾಂಗ್ರೆಸ್ ಲೈಬ್ರರಿಯಿಂದ ಇಡೀ ದಾಖಲೆ ಬಂದು ಕುಳಿತುಕೊಂಡಿತು. ಎಲ್ಲರೂ ಬೆರಗಾದರು. ಊರಿಗೆ ಬಂದು ಒಂದು ಹಳೆಯ ಕನ್ನಡ ಕಾದಂಬರಿ ಹಿಡಿದು ಕುಳಿತಾಗ ಅದರಲ್ಲಿ ಐಎಸ್‌ಬಿಎನ್ನೇ ಇಲ್ಲ. ಹೆಸರಿನಿಂದ ಹುಡುಕಿ ಸಿಕ್ಕ ಕೆಲವು ದಾಖಲೆಗಳಲ್ಲಿ ಕನ್ನಡದ ಶೀರ್ಷಿಕೆ ರೋಮನ್ ಲಿಪಿಯಲ್ಲಿ, ಅಕ್ಷರಗಳ ಮೇಲೆ ಗೀಟು, ಕೆಳಗೆ ಚುಕ್ಕಿ ಹೊತ್ತುಕೊಂಡು ಇತ್ತು. ಬದಿಯಡ್ಕದ ಯಾವ ಓದುಗ ಅದನ್ನು ಟೈಪ್ ಮಾಡಿ ಹುಡುಕುತ್ತಾನೆ? ಕಾರ್ಯಾಗಾರದಲ್ಲಿ ಕಲಿತದ್ದರ ದೊಡ್ಡ ಪಾಲು ಅಂದೇ ಕೈಬಿಟ್ಟಿತು.

ಹಳೆಯ ಪಟ್ಟಿಯ ಕಥೆ

ಕೆಲವು ವರ್ಷಗಳ ಹಿಂದೆ ಸ್ಟಾಕ್ ರಿಜಿಸ್ಟರನ್ನು ಡಿಟಿಪಿ ಅಂಗಡಿಯೊಂದರಲ್ಲಿ ಟೈಪ್ ಮಾಡಿಸಿದ್ದರು. ಅದು ಸಿದ್ಧವಾಗಿಯೇ ಇದೆ, ಕೋಹಾಕ್ಕೆ ಸುರಿದರೆ ಮುಗಿಯಿತು ಎಂಬುದು ಕಾರ್ಯದರ್ಶಿಯವರ ನಂಬಿಕೆ. ಕಡತ ತೆರೆದರೆ ಲ್ಯಾಟಿನ್ ಅಕ್ಷರಗಳ ರಾಶಿ.

ಕಾರಣ ಇಷ್ಟೇ. ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್ ರೂಢಿಗೆ ಬರುವ ಮೊದಲು ನುಡಿ, ಬರಹ ಎಂಬ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಕನ್ನಡ ಕಂಪ್ಯೂಟರಿನ ಮಟ್ಟಿಗೆ ಕನ್ನಡವೇ ಅಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತಗಳಿಗೆ ಫಾಂಟು ಕನ್ನಡದ ತುಣುಕುಗಳ ವೇಷ ಹಾಕುತ್ತದೆ. ಫಾಂಟು ತೆಗೆದರೆ ವೇಷ ಕಳಚುತ್ತದೆ. ಡಿಟಿಪಿಯವರು ಇಂದಿಗೂ ಪುಟ ವಿನ್ಯಾಸಕ್ಕೆ ಇದನ್ನೇ ಬಳಸುವುದರಿಂದ ಸಮಸ್ಯೆ ಹಳೆಯದಾದರೂ ತೀರಿಲ್ಲ. ಮಲಯಾಳದ ಭಾಗವೂ ಅಂಥದೇ ಇನ್ನೊಂದು ಫಾಂಟಿನಲ್ಲಿತ್ತು.

ಪರಿವರ್ತಕ ತಂತ್ರಾಂಶಗಳಿವೆ, ಉಚಿತವಾಗಿಯೇ ಸಿಗುತ್ತವೆ. ಹಾಕಿ ನೋಡಿದೆವು. ಶುದ್ಧ ಕನ್ನಡದ ಸಾಲುಗಳು ಬಹುಮಟ್ಟಿಗೆ ಸರಿಯಾಗಿ ಬಂದವು. ಒಂದೇ ಕೋಶದಲ್ಲಿ ಕನ್ನಡದ ಜೊತೆ ಇಂಗ್ಲಿಷಿನಲ್ಲಿ ಪ್ರಕಾಶಕರ ಹೆಸರೋ ಲೇಖಕರ ಇನಿಶಿಯಲ್ಲೋ ಇದ್ದಲ್ಲಿ ಅವೂ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಹೋದವು. ನಂತರ ಎಕ್ಸೆಲ್‌ನ ಸರದಿ. ಹದಿಮೂರು ಅಂಕಿಗಳ ಐಎಸ್‌ಬಿಎನ್ನನ್ನು ಅದು ಸಂಖ್ಯೆಯೆಂದು ತಿಳಿದು ದಶಮಾಂಶದ ಚುಟುಕು ರೂಪಕ್ಕೆ ತಿರುಗಿಸಿತು. ದಾಖಲೆ ಸಂಖ್ಯೆಗಳ ಮುಂದಿನ ಸೊನ್ನೆಗಳನ್ನು ನುಂಗಿತು. ಕೊನೆಗೆ, ಪಟ್ಟಿಯನ್ನು ಬರೀ ಪಠ್ಯವಾಗಿ ಇಡುವ ಸಾದಾ ಸಿಎಸ್‌ವಿ ಎಂದು ಉಳಿಸಿದ ಪ್ರತಿಯಲ್ಲಿ ಕನ್ನಡವಿದ್ದಲ್ಲೆಲ್ಲ ಪ್ರಶ್ನೆ ಚಿಹ್ನೆಗಳ ಸಾಲು. ಸಂಖ್ಯೆಯ ಕಾಲಮ್ಮುಗಳನ್ನು ಮೊದಲೇ ‘ಪಠ್ಯ’ ಎಂದು ಗುರುತಿಸಬೇಕು, ಉಳಿಸುವಾಗ ಯೂನಿಕೋಡ್ ಅಕ್ಷರಗಳನ್ನು ಹಾಗೆಯೇ ಉಳಿಸುವ ಯುಟಿಎಫ್-8 ಇರುವ ಸಿಎಸ್‌ವಿಯನ್ನೇ ಆರಿಸಬೇಕು, ಮೂಲ ಕಡತವನ್ನು ಮುಟ್ಟದೆ ಪ್ರತಿಯ ಮೇಲೆ ಕೆಲಸ ಮಾಡಬೇಕು. ಈ ಮೂರು ಮಾತುಗಳು ಅಕ್ಕನ ನೋಟ್‌ಪುಸ್ತಕದ ಮೊದಲ ಪುಟದಲ್ಲಿವೆ. ಯಾವ ಕಾರ್ಯಾಗಾರದಲ್ಲೂ ಇವನ್ನು ಯಾರೂ ಹೇಳಿರಲಿಲ್ಲ.

ಪಟ್ಟಿ ಕೊನೆಗೂ ಓದುವಂತಾಯಿತು. ಆಗ ಅಕ್ಕ ಅದನ್ನು ಒಂದು ಸಂಜೆ ಕುಳಿತು ಓದಿ, ಇದನ್ನು ಕೋಹಾಕ್ಕೆ ಹಾಕುವುದು ಬೇಡ ಎಂದರು. ಕಾರ್ಯದರ್ಶಿಯವರಿಗೆ ಸಿಟ್ಟು ಬಂತು. ಅಕ್ಕನ ವಾದ ಇದು: ಪಟ್ಟಿಯಲ್ಲಿರುವ ಪುಸ್ತಕಗಳಲ್ಲಿ ಎಷ್ಟೋ ಕಪಾಟಿನಲ್ಲಿಲ್ಲ. ಕೆಲವು ಗೆದ್ದಲಿಗೆ ಹೋಗಿವೆ, ಕೆಲವು ಮಂಗಳೂರಿಗೆ ಮದುವೆಯಾಗಿ ಹೋದವರ ಜೊತೆ ಹೋಗಿವೆ. ಲೇಖಕರ ಹೆಸರುಗಳನ್ನು ಟೈಪ್ ಮಾಡಿದವರು ತೋಚಿದಂತೆ ಬರೆದಿದ್ದಾರೆ. ಇಲ್ಲದ ಪುಸ್ತಕವನ್ನು ಕಂಪ್ಯೂಟರಿನಲ್ಲಿ ಇದೆ ಎಂದು ತೋರಿಸಿದರೆ ಓದುಗರು ಕಂಪ್ಯೂಟರನ್ನೂ ನಂಬುವುದಿಲ್ಲ, ನನ್ನನ್ನೂ ನಂಬುವುದಿಲ್ಲ.

ಅವರು ಸೂಚಿಸಿದ ದಾರಿ: ಓದುಗರು ಮರಳಿಸುವ ಪುಸ್ತಕವನ್ನು ಕಪಾಟಿಗೆ ಸೇರಿಸುವ ಮೊದಲು ಕೋಹಾಕ್ಕೆ ಸೇರಿಸುವುದು. ಅಂದರೆ ಓಡಾಡುವ ಪುಸ್ತಕ ಮೊದಲು, ಧೂಳು ತಿನ್ನುವ ಪುಸ್ತಕ ಆಮೇಲೆ. ಸಮಿತಿಗೆ ಬೇಕಾಗಿದ್ದದ್ದು ಒಂದನೇ ಸಂಖ್ಯೆಯಿಂದ ಆರಂಭಿಸಿ ಸಾಲಾಗಿ ಹೋಗುವುದು. ಪರಿಶೀಲನೆಗೆ ಬಂದವರಿಗೆ ತೋರಿಸಲು ಅದು ಚೆಂದ. ಈ ವಿಷಯದಲ್ಲಿ ನಾನು ಅಕ್ಕನ ಪರ ನಿಂತೆ, ಇಂದಿಗೂ ಅದೇ ಸರಿ ಎನ್ನುತ್ತೇನೆ. ಸಾಲಾಗಿ ಹೋಗುವ ಕೆಲಸ ನಡುವೆ ನಿಂತರೆ ಅರ್ಧ ರಿಜಿಸ್ಟರು ಮಾತ್ರ ಕೈಗೆ ಬರುತ್ತದೆ. ಹೀಗೆ ಮಾಡಿದರೆ ಕೆಲಸ ಯಾವ ದಿನ ನಿಂತರೂ, ಜನ ಕೇಳುವ ಪುಸ್ತಕಗಳಷ್ಟಾದರೂ ಸೇರಿರುತ್ತವೆ. ಹಳೆಯ ಪಟ್ಟಿ ತಾಳೆ ನೋಡಲು ಉಳಿಯಿತು.

ಪರದೆಯನ್ನು ಕಿರಿದು ಮಾಡಿದ್ದು

ಕೋಹಾದ ಸೂಚೀಕರಣದ ಪುಟವನ್ನು ಮೊದಲ ಸಲ ತೆರೆದವರಿಗೆ ಎದೆ ನಡುಗುತ್ತದೆ. ಪುಸ್ತಕದ ಒಂದೊಂದು ವಿವರಕ್ಕೂ ಸಂಖ್ಯೆ ಹಚ್ಚಿದ ಜಾಗ ಗೊತ್ತುಮಾಡುವ ಮಾರ್ಕ್ 21 ಎಂಬ ಮಾನದಂಡದ ಕ್ಷೇತ್ರಗಳು ಸೊನ್ನೆಯಿಂದ ಒಂಬತ್ತರವರೆಗಿನ ಹಾಳೆಗಳಲ್ಲಿ ಸಾಲುಗಟ್ಟಿ ನಿಂತಿರುತ್ತವೆ. ಲೇಖಕ 100, ಶೀರ್ಷಿಕೆ 245, ಪ್ರಕಾಶನ 260, ವಿಷಯ 650, ನಮ್ಮ ಪ್ರತಿಯ ವಿವರ 952. ಹಳ್ಳಿಯ ಗ್ರಂಥಾಲಯಕ್ಕೆ ಬೇಕಾಗುವುದು ಒಂದು ಡಜನ್. ಉಳಿದವನ್ನು ಮರೆಮಾಡಿ ನಮ್ಮದೇ ಒಂದು ಚೌಕಟ್ಟನ್ನು ಮಾಡಿಕೊಳ್ಳಲು ಕೋಹಾದಲ್ಲೇ ಅವಕಾಶವಿದೆ. ಕನ್ನಡ ಪುಸ್ತಕಕ್ಕೆ ಒಂದು, ಮಲಯಾಳಕ್ಕೆ ಒಂದು, ಯಕ್ಷಗಾನದ ಪ್ರಸಂಗ ಪುಸ್ತಕಗಳಿಗೆ ಒಂದು ಎಂದು ಮೂರು ಚೌಕಟ್ಟು ಮಾಡಿಟ್ಟೆವು. ಭಾಷೆಯ ಸಂಕೇತ, ವರ್ಗ ಸಂಖ್ಯೆಯ ಮೊದಲ ಭಾಗ ತಾವಾಗಿಯೇ ತುಂಬಿಕೊಳ್ಳುವಂತೆ ಇಟ್ಟೆವು. ಪುಸ್ತಕಗಳನ್ನು ವಿಷಯವಾರು ಸಂಖ್ಯೆಗಳಿಂದ ವಿಂಗಡಿಸುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯವೆಂದರೆ 894.814, ಮಲಯಾಳವೆಂದರೆ 894.812. ಆ ದಿನದಿಂದ ಅಕ್ಕನಿಗೆ ಯಂತ್ರದ ಭಯ ಹೋಯಿತು. ಧೈರ್ಯ ತುಂಬುವ ಯಾವ ಭಾಷಣದಿಂದಲೂ ಆಗದ ಕೆಲಸ ಅದು.

ಟೈಪಿಂಗಿಗೆ ಅವರು ಕಂಡುಕೊಂಡ ಉಪಾಯ ಮೊಬೈಲಿನದು. ಧ್ವನಿ ಟೈಪಿಂಗಿನಲ್ಲಿ ಶೀರ್ಷಿಕೆಯನ್ನು ಹೇಳಿ, ಬಂದದ್ದನ್ನು ತಿದ್ದಿ, ಮೊಬೈಲಿನ ಬ್ರೌಸರಿನಿಂದಲೇ ಕೋಹಾಕ್ಕೆ ಹಾಕುವುದು. ಕೋಹಾ ಬ್ರೌಸರಿನಲ್ಲಿ ನಡೆಯುವುದರಿಂದ ಇದು ಸಾಧ್ಯ. ಮುಖಪುಟದ ಚಿತ್ರ ತೆಗೆದು ಅಕ್ಷರ ಓದಿಸುವುದೂ ಹೊಸ ಪುಸ್ತಕಗಳ ಮಟ್ಟಿಗೆ ಚೆನ್ನಾಗಿ ನಡೆಯಿತು. ಅಚ್ಚುಮೊಳೆಯ ಕಾಲದ ಪುಸ್ತಕಗಳಲ್ಲಿ ಒತ್ತಕ್ಷರಗಳು ಕೈಕೊಟ್ಟವು. ಊರ ಹೆಸರು, ಮನೆ ಹೆಸರುಗಳ ವಿಷಯದಲ್ಲಿ ಎರಡೂ ಸಾಧನಗಳು ಸೋಲುತ್ತಿದ್ದವು. ಬೆಂಗಳೂರಿನ ಕನ್ನಡವನ್ನು ಕೇಳಿ ಬೆಳೆದ ಯಂತ್ರ, ಪೆರಡಾಲ, ಎಣ್ಮಕಜೆ ಎಂದರೆ ಅದೇನು ಮಾಡೀತು ಪಾಪ.

ಹೆಸರುಗಳು

ಪ್ರಕರಣದ ತಿರುಳು ಇಲ್ಲಿದೆ.

ಕಯ್ಯಾರ ಕಿಞ್ಞಣ್ಣ ರೈ (1915–2015) ಈ ಊರುಗಳ ಕವಿ. ಅವರ ಪುಸ್ತಕ ಇಲ್ಲಿ ಕಪಾಟಿನಲ್ಲಿ ನಿಲ್ಲುವುದೇ ಇಲ್ಲ. ಅವರ ಹೆಸರಿನಲ್ಲಿರುವ ಞಕಾರ ಕೀಲಿಮಣೆಯ ಮೇಲೆ ಎಲ್ಲಿದೆಯೆಂದು ಎಷ್ಟು ಜನರಿಗೆ ಗೊತ್ತು? ಹಳೆಯ ಪಟ್ಟಿಯಲ್ಲಿ ಅವರು ಕಿಞ್ಞಣ್ಣ, ಕಿಂಞಣ್ಣ, ಕಿನ್ಯಣ್ಣ ಎಂದು ಮೂರು ಜನರಾಗಿದ್ದರು. ಗೋವಿಂದ ಪೈಗಳು (1883–1963) ಎಂ. ಗೋವಿಂದ ಪೈ, ಮಂಜೇಶ್ವರ ಗೋವಿಂದ ಪೈ, ಬರೇ ಗೋವಿಂದ ಪೈ ಎಂದು ಹರಡಿಕೊಂಡಿದ್ದರು. ಕಂಪ್ಯೂಟರಿಗೆ ಇವರೆಲ್ಲ ಬೇರೆ ಬೇರೆ ವ್ಯಕ್ತಿಗಳು. ಒಂದು ರೂಪದಲ್ಲಿ ಹುಡುಕಿದ ಓದುಗನಿಗೆ ಇನ್ನೊಂದು ರೂಪದ ಪುಸ್ತಕ ಇಲ್ಲ ಎಂದೇ ಉತ್ತರ.

ಕಾರ್ಯಾಗಾರದ ಕೈಪಿಡಿಯ ನಿಯಮ: ಕುಲನಾಮ, ಅಲ್ಪವಿರಾಮ, ಆಮೇಲೆ ಹೆಸರು. ಅದರಂತೆ ಹೋದರೆ ಕಿಞ್ಞಣ್ಣ ರೈಗಳು ‘ರೈ’ ಎಂಬಲ್ಲಿ, ಗೋವಿಂದ ಪೈಗಳು ‘ಪೈ’ ಎಂಬಲ್ಲಿ ಹೋಗಿ ಕೂರಬೇಕು. ಜಿಲ್ಲೆಯಲ್ಲಿ ರೈಗಳಿಗೇನು ಕಡಿಮೆಯೇ? 1978ರ ಆಂಗ್ಲೋ-ಅಮೆರಿಕನ್ ಸೂಚೀಕರಣ ನಿಯಮಗಳ ಎರಡನೆಯ ಆವೃತ್ತಿಯಲ್ಲಿ ಕನ್ನಡ, ಮಲಯಾಳ, ತಮಿಳು, ತೆಲುಗು ಹೆಸರುಗಳಿಗೆ ಪ್ರತ್ಯೇಕ ನಿಯಮವೇ ಇದೆ: ಕುಲನಾಮವಾಗಿ ಬಳಸಿದ್ದು ಇಲ್ಲದಿದ್ದರೆ ಸ್ವಂತ ಹೆಸರನ್ನು ಮೊದಲಿಡಿ, ಅದರ ಹಿಂದುಮುಂದಿನ ಊರ ಹೆಸರು, ಜಾತಿ ಸೂಚಕಗಳನ್ನು ಮೊದಲ ಪದವಾಗಿ ತೆಗೆದುಕೊಳ್ಳಬೇಡಿ ಎಂಬುದು ಅದರ ಸಾರ. ಅದು ಕೈಪಿಡಿಯ ನಿಯಮಕ್ಕಿಂತ ಮೇಲು. ಆದರೆ ಇಲ್ಲಿಯವರು ‘ಕಯ್ಯಾರರ ಪುಸ್ತಕ’ ಎಂದೇ ಕೇಳುತ್ತಾರೆ.

ಅಕ್ಕ ಬರೆದುಕೊಂಡ ನಿಯಮ ಹೀಗಿದೆ. ಲೇಖಕರ ಹೆಸರನ್ನು ತಿರುಗಿಸಬಾರದು. ಅವರ ಹೆಚ್ಚಿನ ಪುಸ್ತಕಗಳ ಶೀರ್ಷಿಕೆ ಪುಟದಲ್ಲಿ ಹೇಗಿದೆಯೋ ಹಾಗೆಯೇ ಮುಖ್ಯ ರೂಪ. ಉಳಿದ ರೂಪಗಳು, ತಪ್ಪು ಕಾಗುಣಿತವೂ ಸೇರಿ, ಕೋಹಾದ ಅಧಿಕೃತ ಹೆಸರುಗಳ ದಾಖಲೆಯಲ್ಲಿ ‘ಇದನ್ನು ನೋಡಿ’ ಎಂದು 400ನೆಯ ಕ್ಷೇತ್ರದಲ್ಲಿ. ತಪ್ಪು ಕಾಗುಣಿತವನ್ನು ಬರೆದಿಡುವುದು ನನಗೆ ಮೊದಲು ಕಿರಿಕಿರಿ ಎನಿಸಿತು. ‘ಸರ್, ತಪ್ಪಾಗಿ ಹುಡುಕುವವರಿಗೂ ಪುಸ್ತಕ ಸಿಗಬೇಡವೇ?’ ಎಂದು ಅವರು ಕೇಳಿದ ಮೇಲೆ ಸುಮ್ಮನಾದೆ.

ಬರೆದಿಟ್ಟ ಮಾತ್ರಕ್ಕೆ ಆಗಲಿಲ್ಲ. ಆ ಇತರ ರೂಪಗಳನ್ನೂ ಪುಸ್ತಕದ ಹುಡುಕಾಟದಲ್ಲಿ ಸೇರಿಸಿಕೊಳ್ಳುವ ಆಯ್ಕೆ ಕೋಹಾದ ವ್ಯವಸ್ಥೆಯ ಸೆಟ್ಟಿಂಗುಗಳಲ್ಲಿ ಬೇರೆಯಾಗಿದೆ, ಆರಂಭದಲ್ಲಿ ಅದು ಮುಚ್ಚಿರುತ್ತದೆ. ಅದನ್ನು ತೆರೆದು ಹುಡುಕಾಟದ ಸೂಚಿಯನ್ನು ಪೂರ್ತಿಯಾಗಿ ಮತ್ತೆ ಕಟ್ಟಿಸಬೇಕು. ಕಟ್ಟಿಸಿದ ಮೇಲೆ ‘ಕಿನ್ಯಣ್ಣ’ ಎಂದು ಹಾಕಿದರೂ ಕವಿಯ ಎಲ್ಲ ಪುಸ್ತಕಗಳು ಬಂದವು. ಆ ಸಂಜೆ ಪತ್ರಿಕೆ ಓದುತ್ತಿದ್ದವರನ್ನೆಲ್ಲ ಕರೆದು ತೋರಿಸಿದರು.

ಕಟ್ಟಿನೊಳಗಿನ ಪ್ರಸಂಗಗಳು

ಮಳೆಗಾಲದಲ್ಲಿ, ಅದರಲ್ಲೂ ಆಟಿ ತಿಂಗಳಲ್ಲಿ, ಈ ಕಡೆ ವೇಷ, ಕುಣಿತ ಇಲ್ಲದ ಯಕ್ಷಗಾನವಾದ ತಾಳಮದ್ದಳೆಯ ಕೂಟಗಳು ನಡೆಯುತ್ತವೆ. ಮಾತನಾಡುವ ಅರ್ಥಧಾರಿಗಳೂ ಹಾಡುವ ಭಾಗವತರೂ ಪ್ರಸಂಗದ ಪದ್ಯ ನೋಡಲು ಗ್ರಂಥಾಲಯಕ್ಕೆ ಬರುತ್ತಾರೆ. ಅವರು ಕೇಳುವುದು ‘ಪಂಚವಟಿ’, ‘ವಾಲಿವಧೆ’, ‘ಅಂಗದ ಸಂಧಾನ’ ಎಂದು. ಪುಸ್ತಕದ ಬೆನ್ನಿನ ಮೇಲಿರುವುದು ಬೇರೆ ಹೆಸರು, ಏಕೆಂದರೆ ಹಲವು ಪ್ರಸಂಗಗಳನ್ನು ಒಂದೇ ಸಂಪುಟದಲ್ಲಿ ಅಚ್ಚು ಮಾಡಿರುತ್ತಾರೆ. ಇನ್ನು ಕೆಲವು, ತೆಳುವಾದ ಬಿಡಿ ಪುಸ್ತಕಗಳನ್ನು ಯಾರೋ ಒಂದಾಗಿ ಹೊಲಿದು ರಟ್ಟು ಹಾಕಿಸಿದವು. ಸ್ಟಾಕ್ ರಿಜಿಸ್ಟರಿನಲ್ಲಿ ‘ಯಕ್ಷಗಾನ ಪುಸ್ತಕ, ಒಂದು ಕಟ್ಟು’ ಎಂದಿದೆ. ಅದರೊಳಗೆ ಏನೇನಿದೆ ಎಂಬುದು ಅಕ್ಕನ ತಲೆಯಲ್ಲಿ ಮಾತ್ರ ಇತ್ತು.

ಕೋಹಾದಲ್ಲಿ ಇದಕ್ಕೆ ದಾರಿಯಿದೆ. ಒಳಗಿನ ಪಟ್ಟಿಯನ್ನು 505ರಲ್ಲಿ ಬರೆದರೆ ಓದುಗನಿಗೆ ಕಾಣಿಸುತ್ತದೆ. ಕವಿಯ ಹೆಸರಿಗೂ ಪ್ರಸಂಗದ ಹೆಸರಿಗೂ ಗಂಟು ಹಾಕಬೇಕಾದರೆ ಪ್ರತಿಯೊಂದಕ್ಕೂ 700ರಲ್ಲಿ ಸೇರ್ಪಡೆ ಬೇಕು. ಅಕ್ಕ ಎರಡನ್ನೂ ಮಾಡುತ್ತಾರೆ. ಒಂದು ಕಟ್ಟಿಗೆ ಹಿಡಿಯುವ ಹೊತ್ತಿನಲ್ಲಿ ಹತ್ತಾರು ಕಾದಂಬರಿಗಳನ್ನು ಸೇರಿಸಬಹುದು; ಸಂಖ್ಯೆ ಕೇಳುವ ಸಮಿತಿಗೆ ಇದು ಹಿಡಿಸದ ಮಾತು. ಆದರೆ ಈ ಗ್ರಂಥಾಲಯದಲ್ಲಿ ಬೇರೆಲ್ಲೂ ಸುಲಭವಾಗಿ ಸಿಗದ ಸಾಮಗ್ರಿ ಇದ್ದರೆ ಅದು ಈ ಕಟ್ಟುಗಳಲ್ಲಿ. ಕಾದಂಬರಿ ಎಲ್ಲ ಕಡೆ ಇದೆ.

ಕವಿ ಯಾರು ಎಂಬುದೇ ಕೆಲವೊಮ್ಮೆ ತಕರಾರು. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿರುವ ರಾಮಾಯಣ ಪ್ರಸಂಗಗಳ ಕರ್ತೃತ್ವದ ಬಗ್ಗೆ ಹಿಂದೆ ವಿದ್ವಾಂಸರೇ ಜಗಳವಾಡಿದ್ದಾರೆ. ಅದನ್ನು ತೀರ್ಮಾನಿಸುವುದು ಗ್ರಂಥಪಾಲಕಿಯ ಕೆಲಸವಲ್ಲ. ಅಚ್ಚಾದ ಪುಟದಲ್ಲಿ ಇರುವ ಹೆಸರನ್ನು ಕೊಡುವುದು, ಹೆಸರಿಲ್ಲದಿದ್ದರೆ ಖಾಲಿ ಬಿಡುವುದು, ಊಹೆಯನ್ನು ಎಂದಿಗೂ ಲೇಖಕನ ಕ್ಷೇತ್ರದಲ್ಲಿ ಬರೆಯದಿರುವುದು. ಇದು ಅವರ ನೋಟ್‌ಪುಸ್ತಕದ ಇನ್ನೊಂದು ನಿಯಮ.

ಕಾಗುಣಿತ ಇಲ್ಲೂ ಕಾಡಿತು. ತಾಳಮದ್ದಳೆ, ತಾಳಮದ್ದಲೆ ಎರಡೂ ಅಚ್ಚಿನಲ್ಲಿವೆ, ಎರಡನ್ನೂ ಸಮರ್ಥಿಸುವವರಿದ್ದಾರೆ. ವಿಷಯದ ಶೀರ್ಷಿಕೆಗೂ ಹೆಸರುಗಳ ಹಾಗೆಯೇ ಒಂದು ಮುಖ್ಯ ರೂಪ, ಇನ್ನೊಂದಕ್ಕೆ ‘ಇದನ್ನು ನೋಡಿ’ ಎಂದು ಮಾಡಿದರು. ಯಾವುದು ಮುಖ್ಯ ಎಂದು ನಿರ್ಧರಿಸಲು ಇಬ್ಬರು ಭಾಗವತರನ್ನು ಕೇಳಿದರಂತೆ. ಇಬ್ಬರೂ ಬೇರೆ ಬೇರೆ ಹೇಳಿದರಂತೆ.

ಕಾಣದ ಅಕ್ಷರ

ಇಷ್ಟಾದರೂ ಕೆಲವು ಪುಸ್ತಕಗಳು ಕಣ್ಣೆದುರು ದಾಖಲೆಯಲ್ಲಿದ್ದು ಹುಡುಕಿದರೆ ಸಿಗುತ್ತಿರಲಿಲ್ಲ. ಪರದೆಯ ಮೇಲಿನ ಹೆಸರು, ಹುಡುಕಿದ ಹೆಸರು ಎರಡೂ ಅಕ್ಷರಕ್ಕೆ ಅಕ್ಷರ ಒಂದೇ. ದೋಷ ಕಣ್ಣಿಗೆ ಕಾಣುವಂಥದಾಗಿರಲಿಲ್ಲ. ‘ರಾಜ್‌ಕುಮಾರ್’ ಎಂದು ಬಿಡಿಸಿ ಬರೆಯಲು, ‘ರ‍್ಯಾಂಕ್’ ಎಂಬಲ್ಲಿ ಅರ್ಕಾವತ್ತು ಬಾರದಂತೆ ತಡೆಯಲು ಯೂನಿಕೋಡಿನಲ್ಲಿ ಅಗಲವೇ ಇಲ್ಲದ ಎರಡು ಚಿಹ್ನೆಗಳಿವೆ, ಒಂದು ಬೇರ್ಪಡಿಸುವುದು, ಇನ್ನೊಂದು ಕೂಡಿಸುವುದು. ಪರಿವರ್ತಕವೋ ಮೊಬೈಲ್ ಕೀಲಿಮಣೆಯೋ ಇವನ್ನು ಎಲ್ಲೆಂದರಲ್ಲಿ ಸೇರಿಸಿಬಿಡುತ್ತವೆ. ಹುಡುಕುವವನು ಅದನ್ನು ಟೈಪ್ ಮಾಡಿರುವುದಿಲ್ಲ. ಯಂತ್ರಕ್ಕೆ ಎರಡೂ ಬೇರೆ ಪದ.

ಕೋಹಾದೊಳಗೆ ಹುಡುಕಾಟ ನಡೆಸುವ ಝೀಬ್ರಾ ಎಂಬ ಭಾಗವನ್ನು ಹಳೆಯ ಅಕ್ಷರಪಟ್ಟಿಯ ವಿಧಾನದಿಂದ ಐಸಿಯು ಎಂಬ ಯೂನಿಕೋಡ್ ಅರಿತ ವಿಧಾನಕ್ಕೆ ಬದಲಿಸಬೇಕು. ಅದರ ನಿಯಮಗಳಲ್ಲಿ ಈ ಕಾಣದ ಚಿಹ್ನೆಗಳನ್ನು ಸೂಚಿ ಕಟ್ಟುವಾಗಲೂ ಹುಡುಕುವಾಗಲೂ ತೆಗೆದುಹಾಕುವಂತೆ ಒಂದು ಸಾಲು ಸೇರಿಸಬೇಕು. ಇದು ಸರ್ವರಿನ ಕಡತಗಳಲ್ಲಿ ಮಾಡುವ ಕೆಲಸ. ಹತ್ತಿರದ ಕಾಲೇಜಿನ ಲ್ಯಾಬ್ ಸಹಾಯಕರೊಬ್ಬರು ಬಂದು ಮಾಡಿಕೊಟ್ಟರು. ಅಕ್ಕ ಪಕ್ಕದಲ್ಲಿ ಕುಳಿತು ಯಾವ ಕಡತ, ಯಾವ ಸಾಲು, ಯಾವ ಆದೇಶ ಎಂದು ಕನ್ನಡದಲ್ಲಿ ಬರೆದುಕೊಂಡರು. ಮುಂದೆ ಕೋಹಾದ ಹೊಸ ಆವೃತ್ತಿ ಹಾಕಿಸಿದ ಬಳಿಕ ಹುಡುಕಾಟ ಮತ್ತೆ ಕೆಟ್ಟಾಗ, ಏನು ಕೆಟ್ಟಿದೆ ಎಂದು ದೂರವಾಣಿಯಲ್ಲೇ ಸರಿಯಾಗಿ ಹೇಳಿದ್ದು ಈ ಬರಹದ ಬಲದಿಂದ. ಸಣ್ಣ ಗ್ರಂಥಾಲಯಗಳವರು ಸರ್ವರ್ ನಡೆಸಲು ಕಲಿಯಬೇಕೆಂದು ನಾನು ಹೇಳುವುದಿಲ್ಲ. ಎಲ್ಲಿ ಕೆಟ್ಟಿದೆಯೆಂದು ಹೇಳಲು ಬಂದರೆ ಸಾಕು.

ಕೊಡುಕೊಳು, ಕರೆಂಟು, ಪಾಸ್‌ವರ್ಡು

ಪುಸ್ತಕ ಕೊಡುವ–ಮರಳಿಸುವ ಭಾಗ ಸುಲಭವಾಗಿತ್ತು. ಅವಧಿ ಹದಿನಾಲ್ಕು ದಿನ ಎಂದು ಇಟ್ಟರು, ದಂಡ ಸೊನ್ನೆ. ಮಳೆಗಾಲದಲ್ಲಿ ತೋಡು ದಾಟಲಾಗದೆ ಪುಸ್ತಕ ಮನೆಯಲ್ಲಿ ಉಳಿಸಿಕೊಂಡ ಅಜ್ಜಿಯಿಂದ ದಂಡ ಕೇಳುವವರಾರು? ಬಾರ್‌ಕೋಡ್ ಚೀಟಿಗಳನ್ನು ಕೋಹಾದಲ್ಲೇ ಮಾಡಿ ಸಾದಾ ಪ್ರಿಂಟರಿನಲ್ಲಿ ಮುದ್ರಿಸಿದರು. ಕರೆಂಟು ಹೋದಾಗ ಹಳೆಯ ನೋಟ್‌ಪುಸ್ತಕದಲ್ಲಿ ಬರೆದು ಬಂದಾಗ ಏರಿಸುತ್ತಾರೆ. ಇದನ್ನು ಹಿಂದುಳಿದಿರುವಿಕೆ ಎಂದು ಒಬ್ಬ ಸಂದರ್ಶಕರು ನಕ್ಕರು. ನಗುವ ವಿಷಯ ಅದಲ್ಲ. ಜೂನ್ ತಿಂಗಳಲ್ಲಿ ಅವರು ಇಲ್ಲಿ ಒಂದು ವಾರ ಇದ್ದು ನೋಡಬೇಕು.

ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯ ಮೇಲೆ ಹಾಕಿದ ಕೋಹಾ ದಿನವೂ ತಾನಾಗಿ ಒಂದು ನಕಲನ್ನು ತೆಗೆದಿಡುತ್ತದೆ, ಆದರೆ ಅದೇ ಯಂತ್ರದ ಅದೇ ಡಿಸ್ಕಿನಲ್ಲಿ. ಮುಂಗಾರಿಗೆ ಮೊದಲಿನ ಸಿಡಿಲುಗಳನ್ನು ಕಂಡ ಈ ಜಿಲ್ಲೆಯಲ್ಲಿ ಅಷ್ಟಕ್ಕೆ ನೆಮ್ಮದಿಯಿಂದ ಇರುವಂತಿಲ್ಲ. ಶನಿವಾರ ನಕಲನ್ನು ಪೆನ್‌ಡ್ರೈವಿಗೆ ಹಾಕಿ ಅಕ್ಕ ಮನೆಗೆ ಒಯ್ಯುತ್ತಾರೆ. ಬೇರೆ ಕಂಪ್ಯೂಟರಿನಲ್ಲಿ ಅದನ್ನು ಮತ್ತೆ ತೆರೆದು ನೋಡುವ ಪರೀಕ್ಷೆಯನ್ನೂ ಮಾಡಿದೆವು. ತೆರೆದು ನೋಡದ ನಕಲು ಇದ್ದೂ ಇಲ್ಲದ ಹಾಗೆ.

ಒಂದು ಜಗಳವನ್ನು ಮಾತ್ರ ದಾಖಲಿಸಬೇಕು. ಮೊದಲು ಎಲ್ಲರೂ ಮುಖ್ಯ ಆಡಳಿತಗಾರನ ಒಂದೇ ಪಾಸ್‌ವರ್ಡ್ ಬಳಸುತ್ತಿದ್ದರು, ಅದನ್ನು ಮಾನಿಟರಿಗೆ ಅಂಟಿಸಿಯೂ ಇದ್ದರು. ಅಕ್ಕ ಪ್ರತಿಯೊಬ್ಬರಿಗೂ ಬೇರೆ ಖಾತೆ, ಬೇಕಾದಷ್ಟೇ ಅಧಿಕಾರ ಎಂದು ಮಾಡಿದರು. ಸಮಿತಿಯ ಹಿರಿಯರೊಬ್ಬರಿಗೆ ಇದು ಅವಮಾನವೆನಿಸಿತು. ಯಾರು ಯಾವ ಪುಸ್ತಕ ಓದುತ್ತಾರೆಂಬ ಪಟ್ಟಿ ಅವರಿಗೆ ಬೇಕಿತ್ತು, ಬಹುಶಃ ಕುತೂಹಲಕ್ಕೆ. ‘ಅಣ್ಣ, ಯಾವ ಪುಸ್ತಕ ಎಷ್ಟು ಸಲ ಹೋಗಿದೆ ಎಂದು ಕೊಡುತ್ತೇನೆ. ಯಾರು ಒಯ್ದರು ಎಂದು ಕೊಡುವುದಿಲ್ಲ’ ಎಂದರು ಅಕ್ಕ. ಕಂಪ್ಯೂಟರ್ ಬರುವ ಮೊದಲು ಇಂಥ ಪ್ರಶ್ನೆ ಏಳುತ್ತಿರಲಿಲ್ಲ, ಏಕೆಂದರೆ ಅಷ್ಟು ಪುಟ ತಿರುಗಿಸುವ ತಾಳ್ಮೆ ಯಾರಿಗೂ ಇರಲಿಲ್ಲ.

ಇನ್ನೂ ಆಗಬೇಕಾದದ್ದು

ತುಳು ಪುಸ್ತಕಗಳಿಗೆ ಮಾರ್ಕ್ ಭಾಷಾ ಸಂಕೇತಗಳ ಪಟ್ಟಿಯಲ್ಲಿ ತನ್ನದೇ ಸಂಕೇತವಿಲ್ಲ. ಇತರ ದ್ರಾವಿಡ ಭಾಷೆಗಳ ಗುಂಪಿನಲ್ಲಿ ಅದು ಸೇರಿಹೋಗುತ್ತದೆ. ಸಂಕೇತವನ್ನು ಹಾಗೆಯೇ ಹಾಕಿ, ವಿಷಯದ ಕ್ಷೇತ್ರದಲ್ಲಿ ‘ತುಳು’ ಎಂದು ಸೇರಿಸಿ ತಾತ್ಕಾಲಿಕವಾಗಿ ನಡೆಸುತ್ತಿದ್ದಾರೆ.

ಮಲಯಾಳದ ಕಪಾಟು ಹೆಚ್ಚು ಕಠಿಣ. ಸ್ವರವಿಲ್ಲದೆ ನಿಲ್ಲುವ ವ್ಯಂಜನಗಳ ರೂಪಗಳಾದ ಮಲಯಾಳದ ಚಿಲ್ಲಕ್ಷರಗಳಿಗೆ 2008ರಲ್ಲಿ, ಯೂನಿಕೋಡ್ 5.1ರಲ್ಲಿ, ಸ್ವತಂತ್ರ ಸಂಕೇತಗಳು ಬಂದವು. ಅದಕ್ಕೆ ಮೊದಲು ಅವನ್ನು ಬರೆಯುತ್ತಿದ್ದದ್ದು ವ್ಯಂಜನ, ಸ್ವರವಿಲ್ಲವೆಂದು ತೋರಿಸುವ ಚಂದ್ರಕಲೆ ಮತ್ತು ಆ ಕಾಣದ ಕೂಡಿಸುವ ಚಿಹ್ನೆಯ ಜೋಡಣೆಯಿಂದ. ಕನ್ನಡಕ್ಕಾಗಿ ನಾವು ತೆಗೆದುಹಾಕಿದ್ದು ಅದೇ ಚಿಹ್ನೆಯನ್ನು. ಈಗ ಹಳೆಯ ರೀತಿಯಲ್ಲಿ ಟೈಪ್ ಆದ ಮಲಯಾಳ ಹೆಸರು ಸೂಚಿಯಲ್ಲಿ ಚಿಲ್ಲು ಕಳೆದುಕೊಂಡು ನಿಲ್ಲುತ್ತದೆ, ಹೊಸ ಮೊಬೈಲಿನಿಂದ ಹುಡುಕುವವನಿಗೆ ಸಿಗುವುದಿಲ್ಲ. ಕನ್ನಡಕ್ಕೆ ಕೊಟ್ಟ ಮದ್ದು ಪಕ್ಕದ ಕಪಾಟಿಗೆ ಆಗಿಬರಲಿಲ್ಲ. ಹೊಸ ಚಿಲ್ಲನ್ನೂ ಸೂಚಿಯ ಮಟ್ಟಿಗೆ ವ್ಯಂಜನ ಮತ್ತು ಚಂದ್ರಕಲೆಯಾಗಿ ಬಿಡಿಸಿದರೆ ಎರಡೂ ಒಂದಾಗುತ್ತವೆ. ನಿಯಮ ಬರೆಯುವುದು ಕಷ್ಟವಲ್ಲ. ಬರೆದದ್ದು ಸರಿಯಾಗಿದೆಯೇ ಎಂದು ನೋಡಲು ಮಲಯಾಳ ಓದಬಲ್ಲವರು ಕಪಾಟಿನ ಪಕ್ಕ ಕೂರಬೇಕು. ಪ್ಲಸ್ ಟು ಮುಗಿಸಿದ, ಎರಡೂ ಲಿಪಿ ಬಲ್ಲ ಒಬ್ಬಳು ಹುಡುಗಿ ಈಗ ಶನಿವಾರಗಳಲ್ಲಿ ಬರುತ್ತಿದ್ದಾಳೆ. ಅಕ್ಕ ಅವಳಿಗೆ ಕಲಿಸಲು ಆರಂಭಿಸಿರುವುದು ತಂತ್ರಾಂಶದ ಮೊದಲ ಪಟ್ಟಿಯಿಂದಲ್ಲ, ಹುಡುಕಿದರೆ ಸಿಗದ ಹತ್ತು ಮಲಯಾಳ ಪುಸ್ತಕಗಳನ್ನು ಮೇಜಿನ ಮೇಲೆ ಇಟ್ಟು, ಒಂದೊಂದೂ ಯಾಕೆ ಸಿಗುವುದಿಲ್ಲ ಎಂದು ಕೇಳುವುದರಿಂದ.